ಅಜ್ಜಿಯ ಸರ, ಬಟನ್ ಅಂಗಡಿಯ ತಕ್ಕಡಿ

ಮೇ ತಿಂಗಳ ಮಟಮಟ ಮಧ್ಯಾಹ್ನ. ಬಳ್ಳಾರಿ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಶಟರ್ ಅರ್ಧ ಇಳಿಸಿ ಬುತ್ತಿ ಬಿಚ್ಚುತ್ತಿದ್ದೆ. ಕೊಪ್ಪಳದಿಂದ ತಂಗಿ ಬಂದಳು. ಬ್ಯಾಗಿನಿಂದ ಹಳೇ ಪೌಡರ್ ಡಬ್ಬಿ ತೆಗೆದು ಕೌಂಟರ್ ಮೇಲಿದ್ದ ಸ್ಟೀಲ್ ತಟ್ಟೆಗೆ ಸುರಿದಳು. ಕೆಂಪು ಮಣಿ ಗಲಗಲ ಅಂತ ಉರುಳಿದವು.

"ಅಣ್ಣಾ, ಅಜ್ಜಿ ಹವಳದ ಸರ. ದಾರ ಹರೀತು."

ದಾರ ಹರಿದದ್ದು ದೊಡ್ಡ ವಿಷಯವಲ್ಲ. ಅವಳ ಮುಖ ಬಾಡಿದ್ದಕ್ಕೆ ಕಾರಣ ಬೇರೆ ಇತ್ತು. ಮಗಳ ಮದುವೆಗೆ ಈ ಸರಕ್ಕೆ ಇನ್ನಷ್ಟು ಬಂಗಾರದ ಗುಂಡು ಸೇರಿಸಿ ಹೊಸದಾಗಿ ಕಟ್ಟಿಸೋಣ ಅಂತ ಅವಳು ಒಂದು ಅಂಗಡಿಗೆ ಹೋಗಿದ್ದಳು. ಅಲ್ಲಿನವರು ಒಂದು ಮಣಿ ಎತ್ತಿ ನೋಡಿ, "ಇದು ಪ್ಲಾಸ್ಟಿಕ್ಕಮ್ಮ, ಇದಕ್ಕೆ ಯಾಕೆ ಬಂಗಾರ ಹಾಕ್ತೀರಿ" ಅಂದುಬಿಟ್ಟರಂತೆ. ಅಜ್ಜಿ ಸತ್ತು ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟು ವರ್ಷ ನಾವು ಬೀರುವಿನಲ್ಲಿ ಬೀಗ ಹಾಕಿಟ್ಟದ್ದು ಪ್ಲಾಸ್ಟಿಕ್ ಅಂದರೆ ಹೇಗಾಗಬೇಡ?

ಅಷ್ಟರಲ್ಲಿ ತಂಗಿ ಫೋನಿನಲ್ಲಿ ವಿಡಿಯೋ ನೋಡಿ ಸಮಾಧಾನವನ್ನೂ ಹುಡುಕಿಕೊಂಡಿದ್ದಳು. ಬೇಕಲೈಟ್ ಅನ್ನೋ ಹಳೇ ಪ್ಲಾಸ್ಟಿಕ್ಕಿಗೆ ಹೊರದೇಶದಲ್ಲಿ ಭಾರೀ ಬೆಲೆಯಂತೆ. "ಪ್ಲಾಸ್ಟಿಕ್ ಆದ್ರೂ ಒಳ್ಳೇ ಪ್ಲಾಸ್ಟಿಕ್ ಇರಬಹುದಲ್ವಾ?" ಅಂದಳು. ನಾನು ನಗಲಿಲ್ಲ. ನಗಬೇಕು ಅನ್ನಿಸಿತ್ತು.

ಅವಳು ನನ್ನ ಹತ್ತಿರ ತಂದದ್ದಕ್ಕೆ ಕಾರಣವಿದೆ. ನಮ್ಮದು ಬಟನ್ ಅಂಗಡಿ. ಅಪ್ಪ ಶುರು ಮಾಡಿದ್ದು. ಈಗ ಜೀನ್ಸ್ ಹೊಲಿಯುವವರಿಗೆ ಜಿಪ್, ರಿವೆಟ್, ದಾರ, ಲೋಹದ ಬಟನ್ ಮಾರುವುದೇ ಜಾಸ್ತಿ. ಅಪ್ಪನ ಕಾಲದಲ್ಲಿ ಕಪಾಟಿನ ತುಂಬಾ ಸಣ್ಣ ಸಣ್ಣ ಡ್ರಾಯರ್. ಒಂದರಲ್ಲಿ ಚಿಪ್ಪಿನ ಬಟನ್, ಒಂದರಲ್ಲಿ ಕೊಂಬಿನದು, ಒಂದರಲ್ಲಿ ಗಾಜಿನದು, ಒಂದರಲ್ಲಿ ಹಾಲಿನಿಂದ ಮಾಡಿದ್ದು. ಹಾಲಿನಿಂದ ಬಟನ್ನಾ ಅನ್ನಬೇಡಿ. ಹಾಲೊಡೆದಾಗ ಸಿಗುವ ಕೇಸೀನ್‌ಗೆ ಫಾರ್ಮಲಿನ್ ಸೇರಿಸಿ ಗಟ್ಟಿ ಮಾಡಿದರೆ ಬಟನ್ ಕಡೆಯಬಹುದು. ಅದಕ್ಕೆ ಕಾಸಿದ ಸೂಜಿ ಚುಚ್ಚಿದರೆ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ. ಕೊಂಬಿಗೆ ಚುಚ್ಚಿದರೆ ಕೂದಲು ಸುಟ್ಟ ವಾಸನೆ. ನನಗೆ ಓದು ಅಷ್ಟಾಗಿ ಹತ್ತಲಿಲ್ಲ, ಈ ವಾಸನೆಗಳು ಮಾತ್ರ ಹತ್ತಿದವು. ಒಂದು ವಾಸನೆಯನ್ನು ಮಾತ್ರ ಅಪ್ಪ ಕಲಿಸಲಿಲ್ಲ, ಬರೀ ಬಾಯಲ್ಲಿ ಹೇಳಿದ. ಸೆಲ್ಯುಲಾಯ್ಡ್. ಅದರೊಳಗೆ ಕರ್ಪೂರ ಇರುತ್ತದೆ, ಕಾಸಿದ ಸೂಜಿ ತಾಗಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ವಿಡಿಯೋ ನೋಡಿ ಸೂಜಿ ಕಾಸುವವರು ಇದನ್ನು ನೆನಪಿಡಿ. ಬಿಸಿನೀರಲ್ಲಿ ಅದ್ದಿ ಮೂಸಿದರೆ ಸಾಕು, ಕರ್ಪೂರ ತಾನೇ ಹೇಳುತ್ತದೆ.

ಇಷ್ಟೆಲ್ಲಾ ಗೊತ್ತಿದ್ದೂ ನಾನು ಆ ಅಂಗಡಿಯವರು ಮಾಡಿದ ತಪ್ಪನ್ನೇ ಮಾಡಿದೆ.

ಒಂದು ಮಣಿ ಎತ್ತಿ ಕೆನ್ನೆಗೆ ಹಚ್ಚಿಕೊಂಡೆ. ಕಲ್ಲು, ಗಾಜು, ಹವಳ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತವೆ, ಹಾಗಾಗಿ ತಣ್ಣಗೆ ಅನ್ನಿಸುತ್ತವೆ. ಪ್ಲಾಸ್ಟಿಕ್ ಬೆಚ್ಚಗೆ ಅನ್ನಿಸುತ್ತದೆ. ಆದರೆ ನಲವತ್ತೆರಡು ಡಿಗ್ರಿ ಸೆಕೆಯಲ್ಲಿ ಈ ಪರೀಕ್ಷೆಗೆ ಅರ್ಥವೇ ಇಲ್ಲ. ತಟ್ಟೆ, ಮಣಿ, ಕೆನ್ನೆ ಎಲ್ಲಾ ಕಾದಿದ್ದವು. ಹಲ್ಲಿಗೆ ಮೆಲ್ಲಗೆ ಬಡಿದೆ. ಟಕ್ ಅಂತು. ಪ್ಲಾಸ್ಟಿಕ್ ಆದರೆ ಸದ್ದು ಮಂದ. ಭೂತಗನ್ನಡಿಯಲ್ಲಿ ನೋಡಿದರೆ ನಡುವಿನ ಸುತ್ತಲೂ ಅಚ್ಚಿನ ಗೆರೆ. ತೂತಿನ ಬಾಯಲ್ಲಿ ಚಿಪ್ಪೆದ್ದ ಹಾಗೆ ಒಂದು ಸಣ್ಣ ಒಡಕು, ಅದರ ಒಳಗೆ ಹೊಳಪು. "ಗಾಜು" ಅಂದೆ. ತಂಗಿ ಡಬ್ಬಿ ಮುಚ್ಚಿದಳು.

ರಾತ್ರಿ ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವ್ವನ ತವರು ರಾಯಚೂರು ಜಿಲ್ಲೆಯ ಮಸ್ಕಿ ಹತ್ತಿರದ ಹಳ್ಳಿ. ಬಳ್ಳಾರಿಗೆ ಬಂದು ಐವತ್ತು ವರ್ಷ ದಾಟಿದರೂ ಮಾತು ಅಲ್ಲಿಯದೇ. ಜೋಳ ಹಸನು ಮಾಡುತ್ತಾ ಕೇಳಿಸಿಕೊಂಡಳು.

"ಎಷ್ಟು ಮಣಿ ನೋಡಿದಿ?"

"ಒಂದು."

"ಅನ್ನ ಬೆಂದದೋ ಇಲ್ಲೋ ಅಂತ ನೋಡ್ಲಿಕ್ಕೆ ಒಂದು ಅಗಳು ಹಿಚುಕಿದ್ರ ನಡೀತದ. ಸರ ಏನು ಅನ್ನ ಏನು? ಎಲ್ಲಾ ಅಗಳೂ ಹಿಚುಕಬೇಕು."

ಮಾರನೇ ದಿನ ಬೆಳಿಗ್ಗೆ ಐದೂವರೆಗೇ ಎದ್ದು ಮಾಳಿಗೆ ಹತ್ತಿದೆವು. ಆ ಹೊತ್ತಿಗೆ ಗಾಳಿ ಸ್ವಲ್ಪ ತಂಪು. ಬಿಳಿ ಪಂಚೆ ಹಾಸಿ ಮಣಿ ಹರವಿ ಎಣಿಸಿದೆವು. ಕೆಂಪು ಮಣಿ 61. ಬಂಗಾರದ ಗುಂಡು ಆರು. ಒಂದು ಹಿಡಿ ಹಳೇ ದಾರ.

ಮೊದಲು ದಾರ ನೋಡಿದೆ. ಇದನ್ನು ಯಾರೂ ನೋಡುವುದಿಲ್ಲ, ಸೀದಾ ಕಸಕ್ಕೆ ಹಾಕುತ್ತಾರೆ. ನಮ್ಮದರಲ್ಲಿ ಎರಡು ತರದ ದಾರ ಇತ್ತು. ಹೆಚ್ಚಿನ ಭಾಗ ಹತ್ತಿಯದು, ಅರಿಷಿಣ ಮತ್ತು ಬೆವರು ಕುಡಿದು ಕಂದಾಗಿತ್ತು. ಹಿಂದಿನ ಒಂದು ಗೇಣು ಮಾತ್ರ ನೈಲಾನ್, ಅದಕ್ಕೆ ಅರಿಷಿಣ ಹತ್ತಿರಲಿಲ್ಲ. ಎರಡನ್ನೂ ಸೇರಿಸಿ ಗಂಟು ಹಾಕಿದ್ದರು. ಅಂದರೆ ಈ ಸರ ಒಂದು ಸಲವಾದರೂ ನಡುವೆ ಹರಿದಿದೆ, ರಿಪೇರಿ ಆಗಿದೆ.

ಗುಂಡುಗಳನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟೆ. ತಂಗಿ ಎಲ್ಲವನ್ನೂ ಸೋಪಿನ ಬಿಸಿನೀರಲ್ಲಿ ನೆನೆಹಾಕಲು ಹೊರಟಿದ್ದಳು, ತಡೆದೆ. ನಮ್ಮ ಕಡೆಯ ಹಳೇ ಗುಂಡು ಗಟ್ಟಿ ಬಂಗಾರ ಅಲ್ಲ. ತೆಳು ತಗಡು, ಒಳಗೆ ಅರಗು. ಬಿಸಿ ತಾಗಿದರೆ ಅರಗು ಕರಗಿ ತೂತಿನಿಂದ ಇಳಿಯುತ್ತದೆ, ಆಮೇಲೆ ಬೆರಳಲ್ಲಿ ಒತ್ತಿದರೂ ಗುಂಡು ತಗ್ಗುತ್ತದೆ. ತೂಕಕ್ಕೆ ಹಾಕುವಾಗಲೂ ಅರಗಿನ ಲೆಕ್ಕ ಬೇರೆ ಅನ್ನೋದು ನೆನಪಿರಲಿ.

ಬಿಸಿಲು ಏರುವ ಮೊದಲು ಒಂದೊಂದೇ ಮಣಿ ಕೆನ್ನೆಗೆ, ಆಮೇಲೆ ಭೂತಗನ್ನಡಿಗೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಗಾಜು, ಬಂಗಾರದ ಕೆಲಸದವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದು. ಹೊರಮೈಗಿಂತ ತೂತನ್ನು ನೋಡಬೇಕು. ಹೊರಗಿನ ಬಣ್ಣ ಮೋಸ ಮಾಡುತ್ತದೆ, ತೂತಿನ ಒಳಗೆ ಯಾರೂ ಮೇಕಪ್ ಮಾಡುವುದಿಲ್ಲ.

ಅರ್ಧ ಗಂಟೆಯಲ್ಲಿ ಪಂಚೆ ಮೇಲೆ ಮೂರು ಗುಂಪು ಆದವು. ಉಳಿದವು ಆಮೇಲೆ ಬೇರೆಯಾದವು.

ಮೊದಲ ಗುಂಪಿನ 23 ಮಣಿ ಪೂರ್ತಿ ಗುಂಡಗಿರಲಿಲ್ಲ. ಒಂದು ಸ್ವಲ್ಪ ಉದ್ದ, ಒಂದು ಸ್ವಲ್ಪ ಚಪ್ಪಟೆ. ಬಣ್ಣವೂ ಒಂದೇ ಸಮ ಇಲ್ಲ, ಕೆಲವು ಮೆಣಸಿನಕಾಯಿ ಕೆಂಪು, ಕೆಲವು ಕುಂಬಳದ ಕಡೆಗೆ. ಭೂತಗನ್ನಡಿ ಹಿಡಿದು ಓರೆ ಮಾಡಿದಾಗ ಕಂಡಿತು: ಮರದ ಹಲಗೆಯ ಎಳೆ ಹಾಗೆ, ಕೂದಲಷ್ಟು ಸಣ್ಣ ಗೆರೆಗಳು ಒಂದರ ಪಕ್ಕ ಒಂದು. ಹವಳ ಅಂದರೆ ಸಮುದ್ರದ ಸಣ್ಣ ಜೀವಿಗಳು ಕಟ್ಟಿಕೊಂಡ ಗೂಡು. ಕೊಂಬೆ ಹಾಗೆ ಬೆಳೆಯುತ್ತದೆ, ಬೆಳೆದ ಗೆರೆ ಉಳಿಯುತ್ತದೆ. ಗಾಜಿಗೆ, ಪ್ಲಾಸ್ಟಿಕ್ಕಿಗೆ ಈ ಗೆರೆ ಬರುವುದಿಲ್ಲ.

ಹವಳ ಅಂದರೆ ಸುಣ್ಣದ ಜಾತಿ, ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ನೊರೆ ಬರುತ್ತದೆ. ಮೊದಲೇ ಬಾಯಿ ಒಡೆದಿದ್ದ ಒಂದು ಮಣಿಯ ತೂತಿಗೆ ಸೂಜಿ ತುದಿಯಿಂದ ನಿಂಬೆರಸ ಮುಟ್ಟಿಸಿದೆ. ಭೂತಗನ್ನಡಿಯಡಿ ಸಣ್ಣ ಸಣ್ಣ ಗುಳ್ಳೆ ಎದ್ದವು. ತಕ್ಷಣ ತೊಳೆದೆ. ಒಳ್ಳೇ ಮಣಿಗೆ ಇದನ್ನು ಮಾಡಬೇಡಿ, ಹೊಳಪು ಹೋದರೆ ಮತ್ತೆ ಬರುವುದಿಲ್ಲ. ಬೆವರಿಗೂ ಹವಳ ಮಸುಕಾಗುತ್ತದೆ. ಅಜ್ಜಿಯ ಕತ್ತಿನ ಹಿಂಭಾಗದಲ್ಲಿದ್ದ ಮಣಿಗಳು ಮಂಕಾಗಿದ್ದದ್ದು ಅದಕ್ಕೇ ಇರಬೇಕು.

ತಂಗಿಯ ಕಣ್ಣು ಅರಳಿತು. ಆ ಅಂಗಡಿಗೆ ಈಗಲೇ ಹೋಗಿ ಜಗಳ ಆಡಬೇಕು ಅನ್ನುವ ಹಾಗಿದ್ದಳು. ತಡಿ, ಇನ್ನೂ 38 ಇವೆ ಅಂದೆ.

ಎರಡನೇ ಗುಂಪು 19 ಮಣಿ. ನಿನ್ನೆ ನಾನು ಎತ್ತಿಕೊಂಡಿದ್ದು ಇದರದ್ದೇ. ಅಚ್ಚಿಗೆ ಒತ್ತಿ ಮಾಡಿದ ಗಾಜು. ಎಲ್ಲಾ ಒಂದೇ ಅಳತೆ, ಒಂದೇ ಕೆಂಪು, ಬೆಳಕು ಹಾಯುವುದಿಲ್ಲ. ಇಂಥ ಅಚ್ಚಿನ ಮಣಿಗೆ ಹೆಸರಾದ ಊರು ಈಗಿನ ಚೆಕ್ ದೇಶದ ಯಾಬ್ಲೊನೆಟ್ಸ್. ಅಲ್ಲಿಂದ ಭಾರತಕ್ಕೆ ಮಣಿ, ಬಳೆ ರಾಶಿ ರಾಶಿ ಬರುತ್ತಿದ್ದ ಕಾಲ ಒಂದಿತ್ತು. ಆಮೇಲೆ ನಮ್ಮಲ್ಲೇ ಉತ್ತರ ಪ್ರದೇಶದ ಫಿರೋಜಾಬಾದ್ ಕಡೆ ಗಾಜಿನ ಕೆಲಸ ಬೆಳೆಯಿತು.

ಮೂರನೇ ಗುಂಪಿನ 11 ಮಣಿ ನನಗೆ ಬಹಳ ಇಷ್ಟವಾದವು. ಹೊರಗೆ ದಾಳಿಂಬೆ ಕೆಂಪು. ತೂತಿನಲ್ಲಿ ಇಣುಕಿದರೆ ಒಳಗೆ ಬಿಳಿ. ಕೊಬ್ಬರಿಗೆ ಕುಂಕುಮ ಸವರಿದ ಹಾಗೆ. ಇಂಥ ದಾಳಿಂಬೆ ಕೆಂಪು ಗಾಜಿಗೆ ಹಿಂದೆ ಬಂಗಾರ ಬೆರೆಸುತ್ತಿದ್ದರು, ದುಬಾರಿ. ಅದಕ್ಕೆ ಒಳಗೆ ಬಿಳಿ ಗಾಜು ಇಟ್ಟು ಮೇಲೆ ತೆಳ್ಳಗೆ ಕೆಂಪು ಹೊದಿಸುತ್ತಿದ್ದರು. ಒಳಗಿನ ಬಿಳಿಯಿಂದ ಕೆಂಪು ಇನ್ನೂ ಎದ್ದು ಕಾಣುತ್ತದೆ. ಇಟಲಿಯ ವೆನಿಸ್‌ನಲ್ಲಿ 19ನೇ ಶತಮಾನದಲ್ಲಿ ಇಂಥವನ್ನು ವಿಪರೀತ ಮಾಡಿ ದೇಶದೇಶಕ್ಕೆ ಕಳಿಸಿದರು. ಹಾಗಂತ ಒಳಗೆ ಬಿಳಿ ಕಂಡ ಕೂಡಲೇ ವೆನಿಸ್ ಅನ್ನಬೇಡಿ. ಇದೇ ತರದ್ದನ್ನು ನಮ್ಮ ದೇಶದಲ್ಲೂ ಮಾಡುತ್ತಾರೆ.

ಉಳಿದದ್ದು ಎಂಟು. ಕೆನ್ನೆಗೆ ಅವು ತಣ್ಣಗೂ ಇರಲಿಲ್ಲ, ಬೆಚ್ಚಗೂ ಇರಲಿಲ್ಲ, ಅಷ್ಟರಲ್ಲಿ ಬಿಸಿಲು ಬಂದಿತ್ತು. ಅಲ್ಲಿಗೆ ಮಾಳಿಗೆ ಕೆಲಸ ಬಿಟ್ಟು ಅಂಗಡಿಗೆ ಹೋದೆವು.

ಅಂಗಡಿಯಲ್ಲಿ ಒಂದು ಸಣ್ಣ ತಕ್ಕಡಿ ಇದೆ. ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುತ್ತದೆ. ಬಟನ್ ಲೆಕ್ಕ ಗ್ರೋಸಿನಲ್ಲಿ, ಒಂದು ಗ್ರೋಸ್ ಅಂದರೆ 144. ಅಷ್ಟನ್ನೂ ಯಾರು ಎಣಿಸುತ್ತಾರೆ, ತೂಗಿ ಕೊಡುತ್ತೇವೆ. ಇದರಲ್ಲೇ ಮಣಿಯ ಜಾತಿಯನ್ನೂ ಹಿಡಿಯಬಹುದು. ಮೊದಲು ಮಣಿ ಸುಮ್ನೆ ತೂಗಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಮಣಿಗಳನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಲ್ಲಿ ತೂಗಾಡಿಸಿ. ಆಗ ಬರುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ನಮ್ಮ 23 ಹವಳ 18.4 ಗ್ರಾಂ. ನೀರಲ್ಲಿ 6.9 ತೋರಿಸಿತು. ಭಾಗಿಸಿದರೆ 2.67, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಅಷ್ಟು ಪಟ್ಟು ಭಾರ. ಹವಳಕ್ಕೆ ಸರಿಯಾದ ಅಂಕಿ. ಮೊದಲ ಸಲ ಲೆಕ್ಕ ತಪ್ಪು ಬಂದಿತ್ತು, ತೂತುಗಳಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ಮೇಲೆ ಸರಿಹೋಯಿತು.

ಅಚ್ಚಿನ ಗಾಜು 2.49 ಬಂತು. ಗಾಜಿಗೂ ಹವಳಕ್ಕೂ ಅಂತರ ಇಷ್ಟು ಕಡಿಮೆ. ಹಾಗಾಗಿ ಕೈಯಲ್ಲಿ ತೂಗಿ "ಭಾರ ಇದೆ, ಹವಳ" ಅನ್ನುವವರನ್ನು ನಂಬಬೇಡಿ. ತೂಕ ಪ್ಲಾಸ್ಟಿಕ್ಕನ್ನು ಬೇರೆ ಮಾಡುತ್ತದೆ, ಅಷ್ಟೇ.

ಈ ಎಂಟರಲ್ಲಿ ಏಳು ಹಗುರ ಇದ್ದವು. ತಂಗಿಗೆ ಬೇಕಲೈಟ್ ನೆನಪಾಯಿತು. ಒಂದನ್ನು ತಗೊಂಡು ಹೆಬ್ಬೆರಳಿಂದ ಜೋರಾಗಿ ಉಜ್ಜಿ ಮೂಗಿಗೆ ಹಿಡಿದಳು. ಬೇಕಲೈಟ್ ಆದರೆ ಕಾಲೇಜಿನ ಲ್ಯಾಬಿನಲ್ಲಿ ಹಾವು, ಕಪ್ಪೆ ಹಾಕಿಟ್ಟ ಬಾಟಲಿಯ ಆ ಫಾರ್ಮಲಿನ್ ವಾಸನೆ ಬರಬೇಕು. ಬೆಲ್ಜಿಯಂನಿಂದ ಅಮೆರಿಕಕ್ಕೆ ಹೋಗಿದ್ದ ಬೇಕಲ್ಯಾಂಡ್ ಅನ್ನುವವರು 1907ರಲ್ಲಿ ಕಂಡುಹಿಡಿದ ವಸ್ತು ಅದು. ಹಳೇ ಮನೆಗಳ ಕಪ್ಪು ಸ್ವಿಚ್ಚು ಅದರದ್ದೇ. "ಏನು ವಾಸನೆ?" ಅಂದೆ. "ಉಪ್ಪಿನಕಾಯಿ" ಅಂದಳು. ಅದು ಅವಳ ಬೆರಳಿನದು.

ಒಂದು ಲೋಟ ನೀರಿಗೆ ಕರಗುವಷ್ಟೂ ಉಪ್ಪು ಹಾಕಿದೆ. ತಳದಲ್ಲಿ ಉಪ್ಪು ಉಳಿಯಬೇಕು, ಅಷ್ಟು. ಅಂಥ ನೀರಿನ ಸಾಂದ್ರತೆ 1.2ರ ಹತ್ತಿರ. ಬೇಕಲೈಟ್ ಅದರಲ್ಲಿ ಮುಳುಗುತ್ತದೆ. ಏಳೂ ತೇಲಿದವು. ಬರೀ ನೀರಲ್ಲಿ ಮೆಲ್ಲಗೆ ಮುಳುಗಿದವು. ಬಣ್ಣ ಬಿಡುತ್ತದೋ ನೋಡೋಣ ಅಂತ ನೇಲ್ ಪಾಲಿಶ್ ತೆಗೆಯುವ ಅಸಿಟೋನನ್ನು ಹತ್ತಿಗೆ ಹಾಕಿ ಒಂದನ್ನು ಒರೆಸಿದೆ. ತಪ್ಪು ಮಾಡಿದೆ. ಮಣಿ ಅಂಟಂಟಾಯಿತು, ನನ್ನ ಬೆರಳಚ್ಚು ಅದರ ಮೇಲೆ ಹಾಗೇ ಕೂತಿತು. ಅಸಿಟೋನ್ ಮುಟ್ಟಿಸುವುದಿದ್ದರೆ ಹವಳಕ್ಕೆ ಮುಟ್ಟಿಸಬೇಕು, ಬಣ್ಣ ಹಾಕಿದ್ದಾದರೆ ಹತ್ತಿ ಕೆಂಪಾಗುತ್ತದೆ. ನಮ್ಮ ಹವಳದಿಂದ ಏನೂ ಬರಲಿಲ್ಲ. ಅಂಟಂಟಾದ ಮಣಿ ಹೇಗೂ ಕೆಟ್ಟಿತ್ತು, ಅದಕ್ಕೆ ಕಾಸಿದ ಸೂಜಿ ಮುಟ್ಟಿಸಿದೆ. ಕಪ್ಪು ಮಸಿ, ಚೆಂಡುಹೂವಿನಂಥ ಸಿಹಿ ವಾಸನೆ. ಪಾಲಿಸ್ಟೈರೀನ್. ಅತಿ ಅಗ್ಗದ ಪ್ಲಾಸ್ಟಿಕ್ಕು. ಆ ಅಂಗಡಿಯವರ ಕೈಗೆ ಸಿಕ್ಕಿದ್ದು ಈ ಏಳರಲ್ಲಿ ಒಂದು.

ಆ ವಾಸನೆ ಬಂದಾಗಲೇ ನನಗೆ ಏನೋ ಹೊಳೆದ ಹಾಗಾಯಿತು. ಎದ್ದು ಹಳೇ ಕಪಾಟಿನ ಕೆಳಗಿನ ಡ್ರಾಯರ್ ಎಳೆದೆ. ಹುಡುಗಿಯರ ಫ್ರಾಕಿಗೆ ಹೊಲಿಯುವ ಮಣಿ, ಅಪ್ಪನ ಕಾಲದ ಉಳಿಕೆ. ಹಳದಿ, ನೀಲಿ, ಕೆಂಪು. ಕೆಂಪನ್ನು ತಂದು ಪಕ್ಕದಲ್ಲಿಟ್ಟೆ. ಅದೇ ಅಳತೆ, ಅದೇ ಅಚ್ಚಿನ ಗೆರೆ.

ರಾತ್ರಿ ಅವ್ವನ ಮುಂದೆ ಗುಂಪು ಗುಂಪಾಗಿ ಇಟ್ಟೆ. ಅವ್ವ ಪ್ಲಾಸ್ಟಿಕ್ ಗುಂಪಿಗೇ ಮೊದಲು ಕೈ ಹಾಕಿದಳು.

"ಇವು ನಿನ್ನ ಪ್ರತಾಪ. ನಾಕು ವರ್ಷದಾಂವ ಇದ್ದಿ. ಅಜ್ಜಿ ತೊಡಿ ಮ್ಯಾಲೆ ಕೂತು ಸರ ಹಿಡಿದು ಜಗ್ಗಿದಿ. ಅಜ್ಜಿ ಸ್ನಾನಕ್ಕಂತ ಬಚ್ಚಲಾಗೇ ಕೂತಿದ್ಲು, ಏಳು ಮಣಿ ಮೋರಿಗೆ ಹೋದವು. ನಿಮ್ಮಪ್ಪ ಅಂಗಡಿಗೆ ಹೋಗಿ ಇವನ್ನ ತಂದು ಪೋಣಿಸಿಕೊಟ್ಟ. ಯಾರಿಗೂ ಗೊತ್ತಾಗಂಗಿಲ್ಲ ಅಂದ."

ಹಿಂದಿನ ಒಂದು ಗೇಣು ನೈಲಾನ್ ದಾರ ಯಾರದ್ದು ಅಂತ ಗೊತ್ತಾಯಿತು. ಸೂಜಿ ಕಾಸಿ ವಾಸನೆ ಹಿಡಿಯೋದು ಕಲಿಸಿದ ಮನುಷ್ಯನೇ ನನಗೆ ಪರೀಕ್ಷೆ ಇಟ್ಟು ಹೋಗಿದ್ದ.

ಹತ್ತೊಂಬತ್ತು ಅಚ್ಚಿನ ಗಾಜು ನೋಡಿ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. 1972ರ ಬರ. ಅವ್ವನ ಮದುವೆಯಾಗಿ ವರ್ಷ ಆಗಿತ್ತು. ತವರಿಗೆ ಹೋದಾಗ ಅಜ್ಜಿಯ ಕೊರಳಲ್ಲಿ ಸರ ಇತ್ತು, ಬಣ್ಣ ಬೇರೆ ಅನ್ನಿಸಿತು. ಕೇಳಿದ್ದಕ್ಕೆ ಅಜ್ಜಿ, "ಹವಳ ಉಂಡು ಕೂತೀವಿ" ಅಂದಳಂತೆ. ಒಳ್ಳೇ ಹವಳ ಆರಿಸಿ ತೂಕಕ್ಕೆ ಹಾಕಿ ಜೋಳ ತಂದಿದ್ದರು. ಕೊರಳು ಖಾಲಿ ಕಾಣಬಾರದು ಅಂತ ಗಾಜು. ಒಳಗೆ ಬಿಳಿ ಇರುವ ಹನ್ನೊಂದು ಅದಕ್ಕಿಂತ ಹಳೆಯವು. ಅಜ್ಜ ಯಾವಾಗಲೋ ರಾಯಚೂರಿಂದ ತಂದದ್ದು ಅಷ್ಟೇ ಅವ್ವನಿಗೆ ನೆನಪು.

ಕೊನೆಗೆ ಒಂಟಿ ಮಣಿ ಉಳಿಯಿತು. ಇದು ಹಗುರ ಇರಲಿಲ್ಲ, ಗಾಜೂ ಅಲ್ಲ. ಬೆಳಕಿಗೆ ಹಿಡಿದರೆ ಬೆಲ್ಲದ ಪಾಕದ ಹಾಗೆ, ಒಳಗೆ ಮೋಡ ಮೋಡ. ಚಾಕು ಗೀರಿದರೆ ಗೀರಲಿಲ್ಲ, ಚಾಕುವಿನ ಉಕ್ಕೇ ಅದರ ಮೇಲೆ ಬೂದು ಗೆರೆಯಾಗಿ ಉಳಿಯಿತು. ತೂತು ಎರಡೂ ಕಡೆ ಅಗಲ, ನಡುವೆ ಸಣ್ಣ, ಅಲ್ಲೂ ಒಂದಕ್ಕೊಂದು ಸರಿಯಾಗಿ ಸೇರಿಲ್ಲ. ಎರಡು ಕಡೆಯಿಂದ ಕೈಯಲ್ಲಿ ಕೊರೆದದ್ದು. ಕಾರ್ನೀಲಿಯನ್. ನಮ್ಮ ಕಡೆ ಹಕೀಕ್ ಅನ್ನುವ ಕಲ್ಲಿನ ಜಾತಿ. ಕಬ್ಬಿಣದ ಅಂಶದಿಂದ ಆ ಕೆಂಪು, ಕಲ್ಲನ್ನು ಕಾಸಿದರೆ ಇನ್ನೂ ಕೆಂಪಾಗುತ್ತದೆ. ಗುಜರಾತಿನ ಖಂಭಾತ್‌ನಲ್ಲಿ ಈ ಕಲ್ಲಿನ ಮಣಿ ಇವತ್ತಿಗೂ ಕಡೆಯುತ್ತಾರೆ, ಹಾಗಾಗಿ ಬರೀ ಮಣಿ ನೋಡಿ ವಯಸ್ಸು ಹೇಳಲು ಬರುವುದಿಲ್ಲ.

ಅವ್ವ ಮಾತ್ರ ಹೇಳಿದಳು.

"ಇದು ನನಗ ಸಿಕ್ಕಿದ್ದು. ಮಳಿ ಬಂದು ನಿಂತಿತ್ತು. ಹೊಲಕ್ಕ ಬುತ್ತಿ ಒಯ್ಯೋ ಮುಂದ ಎರಿ ಮಣ್ಣಾಗ ಕೆಂಪಗ ಕಂಡಿತು. ಹಳ್ಳದಾಗ ತೊಳದೆ. ನನ್ನ ಕೈಯಾಗಿಂದ ಕಸಗೊಂಡು ನಮ್ಮವ್ವ ಸರಕ್ಕ ಹಾಕ್ಕೊಂಡ್ಲು. ಎಷ್ಟು ಅತ್ತೀನಿ ಗೊತ್ತದ?"

ಮಸ್ಕಿ ಅಂದರೆ ಅಶೋಕನ ಶಾಸನದ ಊರು. 1915ರಲ್ಲಿ ಬಂಗಾರದ ಅದಿರು ಹುಡುಕುತ್ತಿದ್ದ ಬೀಡನ್ ಅನ್ನುವ ಎಂಜಿನಿಯರ್ ಕಣ್ಣಿಗೆ ಆ ಬಂಡೆ ಬಿತ್ತು. ಅದರಲ್ಲಿ ಅಶೋಕ ಅನ್ನುವ ಹೆಸರೇ ಇದ್ದದ್ದರಿಂದ, ಬೇರೆ ಶಾಸನಗಳ 'ದೇವಾನಾಂಪ್ರಿಯ' ಯಾರು ಅನ್ನುವುದು ಖಚಿತವಾಯಿತು. 1954ರಲ್ಲಿ ಅಲ್ಲಿ ಅಗೆದು ನೋಡಿದಾಗ ಕಲ್ಲಿನ ಮಣಿಗಳೂ ಸಿಕ್ಕವು. ಈಗ ಅಂಥ ಜಾಗದಿಂದ ಮಣಿ ಎತ್ತಿಕೊಂಡು ಬರುವಂತಿಲ್ಲ, ಬರಲೂಬಾರದು. ಆಗ ಅವ್ವನಿಗೆ ಏಳೋ ಎಂಟೋ ವರ್ಷ.

ಮುಂದಿನ ವಾರ ಸರ ಕಟ್ಟುವ ಕಾಕಾನ ಹತ್ತಿರ ಹೋದೆವು. ಬಂಗಾರದ ಅಂಗಡಿಗಳ ಸಾಲಿನಲ್ಲಿ ಒಂದು ಕಟ್ಟೆ ಮೇಲೆ ಕೂರುತ್ತಾರೆ. ರೇಷ್ಮೆ ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹುರಿ ಮಾಡುತ್ತಾರೆ. ಅವ್ವನೂ ಬಂದಿದ್ದಳು. ತಂಗಿ ಹವಳ ಅಷ್ಟನ್ನೇ ಕಟ್ಟಿಸೋಣ ಅಂದಳು. 23ಕ್ಕೆ ಸರ ಗಿಡ್ಡ ಆಗುತ್ತದೆ. ಗಾಜು ಸೇರಿಸೋಣ, ಪ್ಲಾಸ್ಟಿಕ್ ಬೇಡ ಅಂದಳು. ಅವ್ವ ಒಪ್ಪಲಿಲ್ಲ.

"ಏಳೂ ಹಾಕ್ರಿ. ಹಿಂದ ಗೊಂಡೆ ಹತ್ರ ಹಾಕ್ರಿ, ಮೊದಲು ಅಲ್ಲೇ ಇದ್ದವು."

ಬೆರಳಚ್ಚು ಬಿದ್ದದ್ದೂ ಸೇರಿ ಏಳು. ಕಾಕಾ ಕನ್ನಡಕ ಏರಿಸಿ ಮಣಿ ಎಣಿಸಿದರು. ಎರಡು ಸಲ ಎಣಿಸಿದರು.

"ಅರವತ್ತೊಂದು ಅಂದ್ರಿ. ಅರವತ್ತೇ ಅದಾವಲ್ರೀ."

ನಾನು ಡಬ್ಬಿ ಬೋರಲು ಹಾಕಿ ಬಡಿದೆ. ತಂಗಿ ಕಟ್ಟೆ ಕೆಳಗೆ ಬಗ್ಗಿ ಹುಡುಕಿದಳು. ಅವ್ವ ರಸ್ತೆ ಕಡೆ ನೋಡುತ್ತಾ ಸೆರಗಿನ ತುದಿಯ ಗಂಟು ಮುಟ್ಟಿಕೊಂಡಳು.

"ಅರವತ್ತೇ ಪೋಣಿಸ್ರಿ" ಅಂದಳು.